ಕಾಲಿನ ರಕ್ತನಾಳದಲ್ಲಿ ಹೆಪ್ಪು: ಮಾತ್ರೆ ಆರು ತಿಂಗಳೋ, ಜೀವನಪೂರ್ತಿಯೋ?

ಪ್ರಶ್ನೆ: ನನಗೆ 54 ವರ್ಷ, ಕಿರಾಣಿ ಅಂಗಡಿ ಇದೆ. ಆರು ತಿಂಗಳ ಹಿಂದೆ ಎಡಗಾಲು ಇದ್ದಕ್ಕಿದ್ದಂತೆ ಊದಿಕೊಂಡಿತು. ಡಾಪ್ಲರ್ ಸ್ಕ್ಯಾನ್ ಮಾಡಿ, ಮಂಡಿಯ ಹಿಂಭಾಗದಿಂದ ತೊಡೆಯವರೆಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಅದಕ್ಕೆ ಮುಂಚೆ ಆಪರೇಷನ್ ಆಗಿರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ, ದೂರ ಪ್ರಯಾಣವನ್ನೂ ಮಾಡಿರಲಿಲ್ಲ. ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರೊಕ್ಸಬಾನ್ 20 ಮಿ.ಗ್ರಾಂ. ರಾತ್ರಿ ಒಂದು ತೆಗೆದುಕೊಳ್ಳುತ್ತಿದ್ದೇನೆ. ಬಿ.ಪಿ. ಮಾತ್ರೆಯೂ ಇದೆ. ಮಂಡಿನೋವು ಬಂದಾಗ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗುತ್ತೇನೆ. ಮೊನ್ನೆಯ ಸ್ಕ್ಯಾನ್ ರಿಪೋರ್ಟಿನಲ್ಲಿ ಹಳೆಯ ಹೆಪ್ಪು ಸ್ವಲ್ಪ ಉಳಿದಿದೆ, ರಕ್ತ ಹರಿಯುತ್ತಿದೆ ಎಂದಿದೆ. ಒಬ್ಬ ವೈದ್ಯರು ಮಾತ್ರೆ ನಿಲ್ಲಿಸಬಹುದು ಅನ್ನುತ್ತಾರೆ, ಇನ್ನೊಬ್ಬರು ಜೀವನಪೂರ್ತಿ ಬೇಕು ಅನ್ನುತ್ತಾರೆ. ನಡುವೆ ಒಂದು ವರ್ಷ ತೆಗೆದುಕೊಂಡು ನಿಲ್ಲಿಸಿದರೆ ಆಗದೇ? ಮುಂದಿನ ತಿಂಗಳು ಎರಡು ಹಲ್ಲು ಕೀಳಿಸಬೇಕಿದೆ. ಅದಕ್ಕೆ ಮಾತ್ರೆ ನಿಲ್ಲಿಸಬೇಕೇ?

ಉತ್ತರ: ಒಂದು ವರ್ಷ ಎಂಬುದು ಇಬ್ಬರು ವೈದ್ಯರ ಮಾತಿಗೂ ಮರ್ಯಾದೆ ಕೊಟ್ಟ ಹಾಗೆ ಕಾಣುತ್ತದೆ. ಆದರೆ ಈ ಕಾಯಿಲೆಯಲ್ಲಿ ಅದರಿಂದ ನಿಮಗೆ ಸಿಗುವ ಲಾಭ ಬಹಳ ಕಡಿಮೆ. ಯಾಕೆ ಎಂಬುದು ಗೊತ್ತಾದರೆ ಉಳಿದ ತೀರ್ಮಾನ ಸುಲಭವಾಗುತ್ತದೆ.

ಈ ಮಾತ್ರೆಗಳು ಹೆಪ್ಪನ್ನು ಕರಗಿಸುವುದಿಲ್ಲ. ಕರಗಿಸುವ ಕೆಲಸ ನಿಮ್ಮ ದೇಹದ್ದೇ. ಆ ಕೆಲಸ ನಡೆಯುವಾಗ ಹೆಪ್ಪು ಬೆಳೆಯದಂತೆ, ಅದರ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗದಂತೆ ಮಾತ್ರೆ ತಡೆಯುತ್ತದೆ. ತೊಡೆಯ ನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಆದ ಪ್ರತಿಯೊಬ್ಬರಿಗೂ ಇದಕ್ಕೆ ಕನಿಷ್ಠ ಮೂರು ತಿಂಗಳು ಬೇಕು. ನಾಲ್ಕಾರು ವಾರಕ್ಕೇ ನಿಲ್ಲಿಸಿದವರಲ್ಲಿ ಅದೇ ಜಾಗದಲ್ಲಿ ಹೆಪ್ಪು ಮತ್ತೆ ಹೊತ್ತಿಕೊಳ್ಳುವುದು ಹೆಚ್ಚು. ಕೆಲವರಿಗೆ, ಮುಖ್ಯವಾಗಿ ಹೆಪ್ಪು ದೊಡ್ಡದಿದ್ದವರಿಗೆ, ಆರು ತಿಂಗಳವರೆಗೆ ಪೂರ್ತಿ ಡೋಸ್ ಕೊಡುತ್ತೇವೆ. ಇಷ್ಟಾದರೆ ಆಗಿಹೋದ ಹೆಪ್ಪಿನ ಚಿಕಿತ್ಸೆ ಮುಗಿಯಿತು. ನಿಮ್ಮದು ಮುಗಿದಿದೆ.

ಅದರ ನಂತರ ನುಂಗುವ ಒಂದೊಂದು ಮಾತ್ರೆಯೂ ಮುಂದೆ ಬರಬಹುದಾದ ಹೆಪ್ಪನ್ನು ತಡೆಯುವುದಕ್ಕೆ. ಆ ರಕ್ಷಣೆ ಮಾತ್ರೆ ತೆಗೆದುಕೊಳ್ಳುವ ದಿನಗಳಿಗೆ ಮಾತ್ರ. ಇಟಲಿಯ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಾರಣ ಕಾಣದೆ ಕಾಲಿನಲ್ಲಿ ಹೆಪ್ಪು ಆದವರನ್ನು ಎರಡು ಗುಂಪು ಮಾಡಿದರು. 133 ಜನರಿಗೆ ಮೂರು ತಿಂಗಳಿಗೆ ಮಾತ್ರೆ ನಿಲ್ಲಿಸಿದರು, 134 ಜನರಿಗೆ ಇನ್ನೂ ಒಂಬತ್ತು ತಿಂಗಳು ಮುಂದುವರಿಸಿದರು. ಆ ಒಂಬತ್ತು ತಿಂಗಳಲ್ಲಿ ನಿಲ್ಲಿಸಿದವರಲ್ಲಿ 11 ಜನರಿಗೆ ಮತ್ತೆ ಹೆಪ್ಪಾಯಿತು, ಮುಂದುವರಿಸಿದವರಲ್ಲಿ ಒಬ್ಬರಿಗೆ ಮಾತ್ರ. ಆಮೇಲೆ ಎರಡನೇ ಗುಂಪಿನವರೂ ಮಾತ್ರೆ ಬಿಟ್ಟರು. ಕೆಲ ವರ್ಷ ಕಳೆದು ಲೆಕ್ಕ ನೋಡಿದಾಗ ಅಲ್ಲೂ 21, ಇಲ್ಲೂ 21. ಶ್ವಾಸಕೋಶದ ಹೆಪ್ಪಿನ ಬಗ್ಗೆ ಫ್ರಾನ್ಸಿನಲ್ಲಿ ನಡೆದು 2015ರಲ್ಲಿ ಬಂದ ಅಧ್ಯಯನದಲ್ಲಿ ಆರು ತಿಂಗಳ ಮೇಲೆ ಮತ್ತೆ 18 ತಿಂಗಳು ವಾರ್ಫರಿನ್ ಎಂಬ, ಹೆಪ್ಪು ತಡೆಯುವ ಹಳೆಯ ಮಾತ್ರೆ ಕೊಟ್ಟರು. ಕೊಟ್ಟಷ್ಟು ಕಾಲ ಚೆನ್ನಾಗಿ ತಡೆಯಿತು, ನಿಲ್ಲಿಸಿದ ಮೇಲೆ ಲಾಭ ಉಳಿಯಲಿಲ್ಲ.

ಹಾಗಾಗಿ ಆರು, ಹನ್ನೆರಡು, ಹದಿನೆಂಟು ಎಂದು ತಿಂಗಳು ಎಣಿಸುವುದರಲ್ಲಿ ಅರ್ಥವಿಲ್ಲ. ಮೂರರಿಂದ ಆರು ತಿಂಗಳಾದ ಮೇಲೆ ಕೇಳಬೇಕಾದ್ದು ಒಂದೇ: ಈ ವ್ಯಕ್ತಿ ನಿಲ್ಲಿಸಬಹುದಾದವರೋ, ನಿಲ್ಲಿಸುವ ದಿನಾಂಕ ಇಟ್ಟುಕೊಳ್ಳದೆ ಮುಂದುವರಿಸಬೇಕಾದವರೋ? ನಿಮ್ಮ ಇಬ್ಬರು ವೈದ್ಯರೂ ಈ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾರೆ. ಒಂದು ವರ್ಷ ಎಂಬುದು ಅದನ್ನು ಆರು ತಿಂಗಳು ಮುಂದಕ್ಕೆ ಹಾಕುತ್ತದೆ ಅಷ್ಟೆ.

ಉತ್ತರ ನಿಂತಿರುವುದು ಹೆಪ್ಪು ಯಾಕಾಯಿತು ಎಂಬುದರ ಮೇಲೆ. ಸೊಂಟದ ಅಥವಾ ಹೊಟ್ಟೆಯ ದೊಡ್ಡ ಆಪರೇಷನ್, ಕಾಲಿನ ಮೂಳೆ ಮುರಿತ, ಸಿಸೇರಿಯನ್, ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿದದ್ದು ಇವೆಲ್ಲ ಬಂದುಹೋಗುವ ದೊಡ್ಡ ಕಾರಣಗಳು. ಇವುಗಳಾಗಿ ಮೂರು ತಿಂಗಳೊಳಗೆ ಹೆಪ್ಪಾಗಿದ್ದರೆ ಮೂರು ತಿಂಗಳು ಮಾತ್ರೆ ಕೊಟ್ಟು ನಿಲ್ಲಿಸುತ್ತೇವೆ. ಅಂಥವರಲ್ಲಿ ಮೊದಲ ವರ್ಷ ಮತ್ತೆ ಹೆಪ್ಪಾಗುವುದು ನೂರಕ್ಕೆ ಸುಮಾರು ಒಬ್ಬರಿಗೆ. ಇವರನ್ನು ವರ್ಷಗಟ್ಟಲೆ ಮಾತ್ರೆಯ ಮೇಲೆ ಇಡುವುದು ತಪ್ಪು. ಆಪರೇಷನ್ ಆಗಿ ಎರಡು ವರ್ಷವಾದರೂ ಯಾರೂ ನಿಲ್ಲಿಸಿ ಎಂದಿಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರೆ ನುಂಗುತ್ತಿರುವವರು ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಡಿಸ್‌ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋಗಿ ಕೇಳಿಸಿ.

ಗರ್ಭನಿರೋಧಕ ಮಾತ್ರೆ, ಎಂಟು ಗಂಟೆ ಮೀರಿದ ವಿಮಾನ ಪ್ರಯಾಣ, ಕಾಲಿಗಾದ ಸಣ್ಣ ಪೆಟ್ಟು ಇವು ಚಿಕ್ಕ ಕಾರಣಗಳು. ಇಲ್ಲೂ ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳು ಸಾಕಾಗುತ್ತದೆ. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಮಾತ್ರ ಶಾಶ್ವತವಾಗಿ ಬಿಡಬೇಕು. ಬಸುರಿ ಅಥವಾ ಬಾಣಂತಿಗೆ ಹೆಪ್ಪಾದರೆ ಲೆಕ್ಕವೇ ಬೇರೆ. ಬಸಿರಿನಲ್ಲಿ ಹೆಪಾರಿನ್ ಜಾತಿಯ ಇಂಜೆಕ್ಷನ್ನೇ ಆಗಬೇಕು. ಅದನ್ನು ಹೆರಿಗೆಯವರೆಗೂ ಕೊಟ್ಟು, ಹೆರಿಗೆಯಾದ ಮೇಲೆ ಕನಿಷ್ಠ ಆರು ವಾರ ಚಿಕಿತ್ಸೆ ಮುಂದುವರಿಸಿ, ಒಟ್ಟು ಮೂರು ತಿಂಗಳಿಗೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇವೆ. ರಿವರೊಕ್ಸಬಾನ್, ಅದೇ ಜಾತಿಯ ಅಪಿಕ್ಸಬಾನ್ ಎರಡೂ ಬಸಿರಿನಲ್ಲೂ ಬೇಡ, ಎದೆಹಾಲು ಕುಡಿಸುವಾಗಲೂ ಬೇಡ. ವಾರ್ಫರಿನ್ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ಊನ ಮಾಡಬಲ್ಲದು, ಹಾಲು ಕುಡಿಸುವಾಗ ತೊಂದರೆಯಿಲ್ಲ.

ಇನ್ನೊಂದು ಕೊನೆಯಲ್ಲಿ, ಚರ್ಚೆಯೇ ಇಲ್ಲದೆ ಮುಂದುವರಿಸಬೇಕಾದವರು ಇದ್ದಾರೆ. ಕ್ಯಾನ್ಸರ್ ಇದ್ದವರು, ಅದು ಇರುವವರೆಗೆ ಅಥವಾ ಚಿಕಿತ್ಸೆ ನಡೆಯುವವರೆಗೆ. ಕಾರಣವಿಲ್ಲದೆ ಎರಡನೇ ಸಲ ಹೆಪ್ಪಾದವರು. ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿಗಳನ್ನು ದೇಹವೇ ತಯಾರಿಸುವ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಇರುವವರು. ಈ ಕೊನೆಯವರಲ್ಲಿ, ಅದರಲ್ಲೂ ಪರೀಕ್ಷಿಸುವ ಮೂರೂ ಬಗೆಯ ಆಂಟಿಬಾಡಿ ಪಾಸಿಟಿವ್ ಬಂದವರಿಗೆ, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆ ಕೊಡಬಾರದು. ವಾರ್ಫರಿನ್ ಇಲ್ಲವೇ ಅದೇ ಜಾತಿಯ ಅಸಿಟ್ರಾಮ್ ಕೊಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ 2ರಿಂದ 3ರ ನಡುವೆ ಇಡಬೇಕು. ಇವರಲ್ಲಿ ರಿವರೊಕ್ಸಬಾನ್ ಪ್ರಯೋಗಿಸಿದ ಅಧ್ಯಯನವೊಂದನ್ನು, ಪಾರ್ಶ್ವವಾಯು ಮತ್ತು ಹೃದಯಾಘಾತ ಹೆಚ್ಚಾದದ್ದು ಕಂಡು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನೀವು ಇವೆರಡರ ನಡುವಿನವರು. ದಿನವಿಡೀ ಅಂಗಡಿಯಲ್ಲಿ ಕುಳಿತಿರುವುದನ್ನು ಕಾರಣ ಎಂದು ಲೆಕ್ಕಕ್ಕೆ ಹಿಡಿಯಲಾಗದು. ಕುಳಿತು ಕೆಲಸ ಮಾಡುವವರು ಲಕ್ಷಾಂತರ ಜನ, ಮೇಲಾಗಿ ಅದು ಬಂದುಹೋಗುವ ಸಂಗತಿಯೂ ಅಲ್ಲ. ಹಾಗಾಗಿ ನಿಮ್ಮದು ಕಾರಣ ಕಾಣದೆ ಆದ ಹೆಪ್ಪು. ಇಂಥವರು ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದ್ದಾರೆ. ಮೊದಲ ವರ್ಷ ನೂರಕ್ಕೆ 10 ಜನರಿಗೆ ಮತ್ತೆ ಹೆಪ್ಪು, ಐದು ವರ್ಷಕ್ಕೆ 25, ಹತ್ತು ವರ್ಷಕ್ಕೆ 36. ಗಂಡಸರಲ್ಲಿ ಹತ್ತು ವರ್ಷಕ್ಕೆ 41, ಹೆಂಗಸರಲ್ಲಿ 29. ಹಾಗೆ ಮರುಕಳಿಸಿದವರಲ್ಲಿ ನೂರಕ್ಕೆ ನಾಲ್ವರು ಅದರಿಂದಲೇ ತೀರಿಕೊಂಡರು. ಮೊದಲ ಸಲ ಶ್ವಾಸಕೋಶದಲ್ಲಿ ಆಗಿದ್ದವರಿಗೆ ಮರುಕಳಿಸುವುದೂ ಹೆಚ್ಚಾಗಿ ಶ್ವಾಸಕೋಶದಲ್ಲೇ. ಆದ್ದರಿಂದ ಅವರ ವಿಷಯದಲ್ಲಿ ನಿಲ್ಲಿಸಲು ನಾವು ಇನ್ನಷ್ಟು ಹಿಂಜರಿಯುತ್ತೇವೆ.

ಈ ಅಂಕಿಯನ್ನು ರಕ್ತಸ್ರಾವದ ಅಂಕಿಯ ಜೊತೆ ಇಟ್ಟು ತೂಗಬೇಕು. ಇಂಥ ರೋಗಿಗಳು ಮಾತ್ರೆ ಮುಂದುವರಿಸಿದಾಗ ದೊಡ್ಡ ರಕ್ತಸ್ರಾವ ಆಗುವುದು ವರ್ಷಕ್ಕೆ ನೂರಕ್ಕೆ ಒಬ್ಬರಿಂದ ಇಬ್ಬರಿಗೆ. ವಾರ್ಫರಿನ್ ಜಾತಿಯವುಗಳಲ್ಲಿ 1.7ರಷ್ಟು, ಹೊಸ ಮಾತ್ರೆಗಳಲ್ಲಿ 1.1ರಷ್ಟು. ಸಂಖ್ಯೆ ಚಿಕ್ಕದು, ಆದರೆ ದೊಡ್ಡ ರಕ್ತಸ್ರಾವ ಆದವರಲ್ಲಿ ಹತ್ತರಲ್ಲಿ ಒಬ್ಬರಷ್ಟು ಉಳಿಯುವುದಿಲ್ಲ. ಮರುಕಳಿಸಿದ ಹೆಪ್ಪಿಗಿಂತ ಅದು ಹೆಚ್ಚು ಮಾರಕ. ಎಲ್ಲರಿಗೂ ಜೀವನಪೂರ್ತಿ ಎಂದು ಬರೆದುಬಿಡಲು ಆಗದಿರುವುದು ಇದಕ್ಕೇ. ವಯಸ್ಸು 75 ದಾಟಿದ್ದರೆ, ಹಿಂದೆ ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವ ಆಗಿದ್ದರೆ, ಕಿಡ್ನಿ ಅಥವಾ ಲಿವರ್ ಸೋತಿದ್ದರೆ, ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ಪದೇ ಪದೇ ಬೀಳುತ್ತಿದ್ದರೆ, ಕುಡಿತ ಇದ್ದರೆ ತಕ್ಕಡಿ ನಿಲ್ಲಿಸುವ ಕಡೆಗೆ ವಾಲುತ್ತದೆ.

ನೀವು ಬರೆದದ್ದರಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಆ ಡೈಕ್ಲೊಫೆನಾಕ್. ಅದು ಜಠರದ ಒಳಪದರವನ್ನು ಸುಲಿಯುತ್ತದೆ, ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತದೆ, ಬಿ.ಪಿ. ಏರಿಸುತ್ತದೆ, ಕಿಡ್ನಿಗೂ ಭಾರ. ರಿವರೊಕ್ಸಬಾನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ಅದೇ ಜಾತಿ. ‘ಪ್ಲಸ್’ ಎಂದು ಕೊನೆಗೊಳ್ಳುವ ನೋವಿನ ಮಾತ್ರೆಗಳಲ್ಲಿ ಇವು ಪ್ಯಾರಸಿಟಮಾಲ್ ಜೊತೆ ಬೆರೆತಿರುತ್ತವೆ, ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ. ಮಂಡಿಗೆ ಬರೀ ಪ್ಯಾರಸಿಟಮಾಲ್, ಮೇಲೆ ಹಚ್ಚುವ ಮುಲಾಮು, ತೊಡೆಯ ಸ್ನಾಯುವಿಗೆ ಫಿಸಿಯೊಥೆರಪಿ ಸಾಕು. ಮಾತ್ರೆ ಮುಂದುವರಿಸಬೇಕೋ ಬೇಡವೋ ಎಂಬುದಕ್ಕೂ ಮೊದಲು ಇದು ನಿಲ್ಲಲಿ.

ಇದನ್ನು ಬಿಟ್ಟರೆ, ರಕ್ತಸ್ರಾವ ಹೆಚ್ಚಿಸುವ ಬೇರೆ ಕಾರಣ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ಬಿ.ಪಿ. ಹತೋಟಿಯಲ್ಲಿದ್ದು, ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ), ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಸರಿಯಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಮಾತ್ರೆ ಮುಂದುವರಿಸಿ, ಆದರೆ ಇದೇ ಡೋಸಿನಲ್ಲಿ ಬೇಡ. ಆರು ತಿಂಗಳ ನಂತರ ಡೋಸ್ ಇಳಿಸಬಹುದು ಎಂಬುದು ನಿಮ್ಮಂಥವರಿಗೆ ಇತ್ತೀಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಅನುಕೂಲ. ರಿವರೊಕ್ಸಬಾನ್ ಆದರೆ 10 ಮಿ.ಗ್ರಾಂ. ದಿನಕ್ಕೊಂದು, ಅಪಿಕ್ಸಬಾನ್ ಆದರೆ 2.5 ಮಿ.ಗ್ರಾಂ. ದಿನಕ್ಕೆರಡು ಸಲ. 2017ರ ಐನ್‌ಸ್ಟೈನ್ ಚಾಯ್ಸ್ ಅಧ್ಯಯನದಲ್ಲಿ 20 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ 1.5, 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ 1.2, ಆಸ್ಪಿರಿನ್ 100 ಮಿ.ಗ್ರಾಂ. ತೆಗೆದುಕೊಂಡವರಲ್ಲಿ 4.4 ಜನರಿಗೆ ಮತ್ತೆ ಹೆಪ್ಪಾಯಿತು. ದೊಡ್ಡ ರಕ್ತಸ್ರಾವ ಮೂರರಲ್ಲೂ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಾಗಾಗಿ ಮಾತ್ರೆ ಬದಲು ಆಸ್ಪಿರಿನ್ ಸಾಕು ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಅದು ತಡೆಯುವುದು ಕಡಿಮೆ, ಹಾಗೆಂದು ರಕ್ತಸ್ರಾವವೇನೂ ತಪ್ಪುವುದಿಲ್ಲ. ಬೇರೆ ಯಾವುದೂ ಆಗದವರಿಗೆ ಮಾತ್ರ ಅದು ಉಳಿದ ದಾರಿ.

ಔಷಧದ ಅಂಗಡಿಯಲ್ಲಿ ಇಲ್ಲೊಂದು ಗೊಂದಲ ಆಗುತ್ತದೆ. ರಿವರೊಕ್ಸಬಾನ್‌ನಲ್ಲೂ 2.5 ಮಿ.ಗ್ರಾಂ. ಮಾತ್ರೆ ಇದೆ, ಅದು ಹೃದಯದ ಮತ್ತು ಕಾಲಿನ ಶುದ್ಧರಕ್ತನಾಳ ಕಟ್ಟಿಕೊಂಡವರಿಗೆ. ನಿಮ್ಮ ಕಾಯಿಲೆಗೆ 2.5 ಎಂಬುದು ಅಪಿಕ್ಸಬಾನ್‌ಗೆ ಮಾತ್ರ. ಹೆಸರು, ಅಂಕಿ ಎರಡನ್ನೂ ಚೀಟಿಯ ಜೊತೆ ಹೋಲಿಸಿ ನೋಡಿ. ಪೇಟೆಂಟ್ ಮುಗಿದು ನಮ್ಮ ಕಂಪನಿಗಳೇ ಇವನ್ನು ತಯಾರಿಸುತ್ತಿರುವುದರಿಂದ ಬೆಲೆ ಇಳಿದಿದೆ, ಅಗ್ಗದ ಬ್ರ್ಯಾಂಡಿಗೆ ಬದಲಾಯಿಸಬಹುದೇ ಎಂದು ಧಾರಾಳವಾಗಿ ಕೇಳಿ. ದುಡ್ಡಿಲ್ಲವೆಂದು ದಿನ ಬಿಟ್ಟು ದಿನ ನುಂಗುವುದು ಮಾತ್ರ ಬೇಡ. ಈ ಮಾತ್ರೆಯ ಪ್ರಭಾವ ಒಂದು ದಿನಕ್ಕೆ ಮುಗಿಯುತ್ತದೆ, ಬಿಟ್ಟ ದಿನ ರಕ್ಷಣೆಯಿಲ್ಲ. ಅಷ್ಟಕ್ಕೂ ಕೈಗೆಟುಕದಿದ್ದರೆ ಅಸಿಟ್ರಾಮ್ ಅಥವಾ ವಾರ್ಫರಿನ್ ಇದ್ದೇ ಇದೆ. ಐಎನ್‌ಆರ್ ನೋಡಿಸುತ್ತ ಇರಬೇಕು ಅಷ್ಟೆ. ಅವುಗಳ ಜೊತೆ ಬಸ್ಸಾರು, ಸೊಪ್ಪಿನ ಪಲ್ಯ ಬಿಡಬೇಕಾಗಿಲ್ಲ. ವಾರಕ್ಕೆ ಎಷ್ಟು ಸಲ ತಿನ್ನುತ್ತಿದ್ದಿರೋ ಅಷ್ಟೇ ಸಲ ತಿನ್ನುತ್ತಿದ್ದರೆ ಡೋಸ್ ಅದಕ್ಕೆ ಹೊಂದಿಕೊಳ್ಳುತ್ತದೆ. ನೀವು ಈಗ ತೆಗೆದುಕೊಳ್ಳುವ ರಿವರೊಕ್ಸಬಾನ್‌ಗೆ ಸೊಪ್ಪಿನ ಗೊಡವೆಯೇ ಇಲ್ಲ. ಆದರೆ 15 ಮತ್ತು 20 ಮಿ.ಗ್ರಾಂ. ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. 10ಕ್ಕೆ ಆ ಕಟ್ಟುಪಾಡಿಲ್ಲ.

ಸ್ಕ್ಯಾನ್‌ನಲ್ಲಿ ಉಳಿದ ಹೆಪ್ಪಿನ ಬಗ್ಗೆ ಹೆದರಬೇಡಿ. ತೊಡೆಯ ನಾಳದಲ್ಲಿ ಹೆಪ್ಪಾದ ಸುಮಾರು ಅರ್ಧದಷ್ಟು ಜನರಲ್ಲಿ ಆರು ತಿಂಗಳ ನಂತರವೂ ಏನಾದರೂ ಉಳಿದಿರುತ್ತದೆ. ಅದು ನಾಳದ ಗೋಡೆಗೆ ಅಂಟಿ ಗಟ್ಟಿಯಾದ ಕಲೆ, ಕಿತ್ತು ಹೋಗುವ ಹೆಪ್ಪಲ್ಲ. ಮಾತ್ರೆ ಇನ್ನೊಂದು ವರ್ಷ ನುಂಗಿದರೆ ಅದು ಮಾಯವಾಗುತ್ತದೆ ಎಂದೂ ಅಲ್ಲ. ಅದನ್ನು ನೋಡಲು ಮೂರು ತಿಂಗಳಿಗೊಮ್ಮೆ ಡಾಪ್ಲರ್ ಮಾಡಿಸುವುದು ವ್ಯರ್ಥ ಖರ್ಚು. ಆದರೆ ಈಗಿನ ರಿಪೋರ್ಟನ್ನು ಜೋಪಾನವಾಗಿಡಿ. ಮುಂದೆ ಎಂದಾದರೂ ಆ ಕಾಲು ಮತ್ತೆ ಊದಿದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಳಲು ಅದೊಂದೇ ಆಧಾರ. ಸಂಜೆಗೆ ಕಾಲು ಭಾರವಾಗುತ್ತಿದ್ದರೆ ಹಗಲಿನಲ್ಲಿ ಮಂಡಿಯವರೆಗಿನ ಬಿಗಿ ಸ್ಟಾಕಿಂಗ್ಸ್ ಹಾಕಿ, ಗಂಟೆಗೊಮ್ಮೆ ಎದ್ದು ಓಡಾಡಿ. ಅದು ಆರಾಮಕ್ಕೆ, ಹೆಪ್ಪು ತಡೆಯುವುದಕ್ಕಲ್ಲ.

ಹೆಂಗಸರ ವಿಷಯದಲ್ಲಿ ಒಂದು ಮಾತು, ಏಕೆಂದರೆ ಈ ಉತ್ತರವನ್ನು ಅವರೂ ಓದುತ್ತಾರೆ. ಕಾರಣವಿಲ್ಲದೆ ಹೆಪ್ಪಾದ ಹೆಂಗಸರಲ್ಲಿ ನಿಲ್ಲಿಸಬಹುದಾದವರನ್ನು ಗುರುತಿಸಲು ಹೆರ್ಡೂ-2 ಎಂಬ ಅಳತೆ ಇದೆ. ಯಾವುದಾದರೂ ಕಾಲಿನಲ್ಲಿ ಕಪ್ಪಾಗುವಿಕೆ, ಊತ ಅಥವಾ ಕೆಂಪು ಇದ್ದರೆ ಒಂದು ಅಂಕ, ಮಾತ್ರೆಯ ಮೇಲಿರುವಾಗಲೇ ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ತುಣುಕಿನ ಪರೀಕ್ಷೆ) 250 ಅಥವಾ ಮೇಲಿದ್ದರೆ ಒಂದು, ಬಿಎಂಐ 30 ಅಥವಾ ಹೆಚ್ಚಿದ್ದರೆ ಒಂದು, ವಯಸ್ಸು 65 ಅಥವಾ ಮೇಲಾಗಿದ್ದರೆ ಒಂದು. ಸೊನ್ನೆ ಅಥವಾ ಒಂದು ಅಂಕ ಬಂದವರು ನಿಲ್ಲಿಸುವ ಬಗ್ಗೆ ಯೋಚಿಸಬಹುದು. ಗಂಡಸರಿಗೆ ಈ ಅಳತೆ ಕೆಲಸ ಮಾಡಲಿಲ್ಲ. ಡಿ-ಡೈಮರ್ ನೆಗೆಟಿವ್ ಬಂದು ಮಾತ್ರೆ ನಿಲ್ಲಿಸಿದ ಗಂಡಸರಲ್ಲೂ ವರ್ಷಕ್ಕೆ ನೂರಕ್ಕೆ ಹತ್ತಿರ ಹತ್ತು ಜನರಿಗೆ ಮರುಕಳಿಸಿತು ಎಂದು 2015ರ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ನಿಮಗೆ ಯಾರಾದರೂ ಡಿ-ಡೈಮರ್ ನೆಗೆಟಿವ್, ನಿಲ್ಲಿಸಿ ಎಂದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

ರಕ್ತ ಹೆಪ್ಪುಗಟ್ಟುವ ಗುಣ ವಂಶದಲ್ಲಿದೆಯೇ ಎಂದು ಸಾವಿರಾರು ರೂಪಾಯಿಯ ಪರೀಕ್ಷೆ ಬರೆಯುವುದುಂಟು. ನಿಮ್ಮ ವಯಸ್ಸಿನಲ್ಲಿ ಮೊದಲ ಸಲ ಆದ ಹೆಪ್ಪಿಗೆ ಅದರಿಂದ ತೀರ್ಮಾನ ಬದಲಾಗುವುದು ಅಪರೂಪ. ಮಾಡಿಸಿದರೂ ಮಾತ್ರೆ ನುಂಗುತ್ತಿರುವಾಗ ಮಾಡಿಸಿದರೆ ತಪ್ಪು ಉತ್ತರ ಬರುತ್ತದೆ: ಹೆಪ್ಪು ತಡೆಯುವ ದೇಹದ್ದೇ ಪ್ರೋಟೀನ್‌ಗಳಾದ ಸಿ ಮತ್ತು ಎಸ್ ಅನ್ನು ವಾರ್ಫರಿನ್ ಕಡಿಮೆ ತೋರಿಸುತ್ತದೆ, ರಿವರೊಕ್ಸಬಾನ್ ಮೇಲೆ ಹೇಳಿದ ಮೂರು ಆಂಟಿಬಾಡಿಗಳಲ್ಲಿ ಒಂದಾದ ಲೂಪಸ್ ಆಂಟಿಕೋಆಗ್ಯುಲಂಟ್ ಇಲ್ಲದಿದ್ದರೂ ಇದೆ ಎಂದು ತೋರಿಸಬಹುದು. ಕ್ಯಾನ್ಸರ್ ಅಡಗಿದೆಯೇ ಎಂಬ ಭಯಕ್ಕೆ ಇಡೀ ದೇಹದ ಸಿ.ಟಿ. ಬೇಡ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಹೋಗುತ್ತಿದೆಯೇ ಎಂಬ ವಿಚಾರಣೆ, ಮೈಯೆಲ್ಲ ಪರೀಕ್ಷೆ, ಸಾಮಾನ್ಯ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಆ ವಯಸ್ಸಿಗೆ ಮಾಡಿಸಬೇಕಾದ ತಪಾಸಣೆ ಇಷ್ಟಾದರೆ ಸಾಕು.

ನಿಲ್ಲಿಸುವ ದಿನಾಂಕವಿಲ್ಲ ಎಂದರೆ ಮರೆತುಬಿಡುವುದು ಎಂದಲ್ಲ. ವರ್ಷಕ್ಕೊಮ್ಮೆ ಕ್ರಿಯೇಟಿನಿನ್, ಲಿವರ್ ಪರೀಕ್ಷೆ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ತೂಕ, ಬಿ.ಪಿ. ನೋಡಿಸಿ. ಕಿಡ್ನಿ ಮೊದಲೇ ಕುಂದಿದ್ದರೆ ಆರು ತಿಂಗಳಿಗೊಮ್ಮೆ. ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಿ. 54ರಲ್ಲಿ ಸರಿಯಾದ ಉತ್ತರ 76ರಲ್ಲಿ ಸರಿಯಾಗಿರಬೇಕೆಂದಿಲ್ಲ. ಟಿ.ಬಿ.ಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಶುರುವಾದರೆ ರಿವರೊಕ್ಸಬಾನ್‌ನ ಶಕ್ತಿ ಕುಗ್ಗಿ ಹೆಪ್ಪು ಮರುಕಳಿಸಬಹುದು, ಅಂಥ ಸಮಯದಲ್ಲಿ ಮಾತ್ರೆಯನ್ನೇ ಬದಲಾಯಿಸಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ, ಎಂದೂ ಇಲ್ಲದ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕಾಲು ಮತ್ತೆ ಊದುವುದು ಕಂಡರೂ ಹಾಗೆಯೇ.

ಇಷ್ಟೆಲ್ಲ ಕೇಳಿಯೂ ನಿಲ್ಲಿಸುತ್ತೇನೆ ಎಂದು ನೀವು ತೀರ್ಮಾನಿಸಿದರೆ ಅದು ನಿಮ್ಮ ಹಕ್ಕು. ನಿಲ್ಲಿಸಬಹುದು ಎಂದ ವೈದ್ಯರು ಹೇಳಿದ್ದೂ ಆಧಾರವಿಲ್ಲದ ಮಾತಲ್ಲ: ನೂರು ಜನ ನಿಲ್ಲಿಸಿದರೆ ಮೊದಲ ವರ್ಷ ತೊಂಬತ್ತು ಜನಕ್ಕೆ ಏನೂ ಆಗುವುದಿಲ್ಲ. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುವ ಅಗತ್ಯವಿಲ್ಲ, ಒಂದು ದಿನ ನಿಲ್ಲಿಸಿದರೆ ಆಯಿತು. ಮುಂದೆ ಯಾವುದೇ ಆಪರೇಷನ್, ಪ್ಲಾಸ್ಟರ್, ಹಾಸಿಗೆ ಹಿಡಿಯುವ ಕಾಯಿಲೆ ಬಂದಾಗ ಮೊದಲೇ ಹೆಪ್ಪಾಗಿತ್ತು ಎಂದು ಹೇಳಿ ತಡೆಗಟ್ಟುವ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಕೊನೆಗೆ ಹಲ್ಲಿನ ಪ್ರಶ್ನೆ. ಎರಡು ಹಲ್ಲು ಕೀಳಿಸುವುದಕ್ಕೆ ಮಾತ್ರೆ ನಿಲ್ಲಿಸಬೇಕಾಗಿಲ್ಲ. ದಂತವೈದ್ಯರಿಗೆ ಮಾತ್ರೆಯ ಹೆಸರು, ಡೋಸ್, ತೆಗೆದುಕೊಳ್ಳುವ ಹೊತ್ತು ಮೊದಲೇ ಹೇಳಿ. ವಾರದ ಆರಂಭದ ದಿನ, ಬೆಳಗ್ಗೆಯೇ ಅಪಾಯಿಂಟ್‌ಮೆಂಟ್ ಕೇಳಿ. ರಕ್ತ ಒಸರಿದರೆ ಹಗಲಲ್ಲೇ, ಕ್ಲಿನಿಕ್ ತೆರೆದಿರುವಾಗಲೇ ತಿರುಗಿ ಹೋಗಬಹುದು. ನೀವು ರಾತ್ರಿ ಮಾತ್ರೆ ತೆಗೆದುಕೊಳ್ಳುವುದರಿಂದ ಬೆಳಗ್ಗೆ ಬಿಡುವುದೇನೂ ಇಲ್ಲ. ಅಂದು ರಾತ್ರಿಯ ಮಾತ್ರೆಯನ್ನು ರಕ್ತ ನಿಂತು ಕನಿಷ್ಠ ನಾಲ್ಕು ಗಂಟೆ ಕಳೆದ ಮೇಲೆ ಎಂದಿನ ಹೊತ್ತಿಗೇ ನುಂಗಿ. ಹಲ್ಲಿನ ಕುಳಿಯಲ್ಲಿ ಔಷಧದ ಸ್ಪಂಜ್ ಇಟ್ಟು ಹೊಲಿಗೆ ಹಾಕಲು ಕೇಳಿ, ಹತ್ತಿಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಿರಿ, ಒಂದು ದಿನ ಬಾಯಿ ಮುಕ್ಕಳಿಸಬೇಡಿ. ಮನೆಗೆ ಹೊರಡುವ ಮುಂಚೆ ಚೀಟಿಯಲ್ಲಿ ನೋವಿಗೆ ಏನು ಬರೆದಿದ್ದಾರೆ ನೋಡಿ. ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಇದ್ದರೆ ಅಲ್ಲೇ ಪ್ಯಾರಸಿಟಮಾಲ್‌ಗೆ ಬದಲಾಯಿಸಿಕೊಳ್ಳಿ.